ತಾಳವಾಡಿಯಲ್ಲಿ ಕಣ್ಣಿನ ನಕ್ಷೆ ತೆಗೆಯುತ್ತ

ತಮಿಳುನಾಡಿನ ಗಡಿಯೂರಲ್ಲಿ ಬಸ್ಸಿಳಿದಾಗ ಬೋರ್ಡುಗಳೆಲ್ಲ ತಮಿಳಿನಲ್ಲಿದ್ದವು, ಬೈಗುಳ ಮಾತ್ರ ಕನ್ನಡದಲ್ಲಿ ಕೇಳಿಸಿತು. ಅದೂ ಹಕಾರವಿಲ್ಲದ ಕನ್ನಡ. ಧಾರವಾಡದಿಂದ ಇಷ್ಟು ದೂರ ಬಂದದ್ದು ನನ್ನ ಭಾಷೆಯ ಈ ಅವಸ್ಥೆ ನೋಡುವುದಕ್ಕೇ ಅನ್ನಿಸಿತು.

ತಾಳವಾಡಿಯ ಕಣ್ಣಿನ ಸಣ್ಣ ಆಸ್ಪತ್ರೆಯಲ್ಲಿ ನನ್ನದು ಯಂತ್ರದ ಕೆಲಸ. ಬೆಳಕಿನ ಉಂಗುರಗಳನ್ನು ಕಣ್ಣಿನ ಮೇಲೆ ಬಿಟ್ಟರೆ, ಅವು ಪ್ರತಿಫಲಿಸುವ ರೀತಿಯಿಂದ ಹೊರಪರದೆಯ ಉಬ್ಬುತಗ್ಗುಗಳೆಲ್ಲ ಬಣ್ಣದ ನಕ್ಷೆಯಾಗಿ ಮೂಡುತ್ತವೆ. ಚೀಟಿಗೆ ‘ಚೀಟ್ಟು’ ಎನ್ನುವ ಈ ಊರಿಗೆ ಇಂಥ ಯಂತ್ರ ಯಾಕೆ ಎಂದು ದಿನವೂ ಅಂದುಕೊಳ್ಳುತ್ತಿದ್ದೆ.

ಮನೆ ಬಾಡಿಗೆಗೆ ಕೊಟ್ಟ ಗೌರಮ್ಮ ಸಂಜೆ ರಾಗಿಮುದ್ದೆ ಕೊಡುತ್ತಿದ್ದಳು. ಜೋಳದ ರೊಟ್ಟಿ ತಿಂದು ಬೆಳೆದ ನಾನು ಅಗಿಯುತ್ತಿದ್ದೆ.

"ಅಗೀಬ್ಯಾಡ ಕಣವ್ವ, ನುಂಗ್ಬುಡು," ಎಂದು ನಗುತ್ತಿದ್ದಳು. ಊಟವನ್ನೇ ನುಂಗುವ ಜನ ಅಕ್ಷರವನ್ನು ಬಿಟ್ಟಾರೆಯೇ ಎಂದುಕೊಂಡೆ.

ಒಂದು ದಿನ ದೊಡ್ಡಗಾಜನೂರಿನ ಮಾದಪ್ಪ ಬಂದ. ದಿಂಬಂ ಘಾಟಿಯಲ್ಲಿ ಕೋಸಿನ ಲಾರಿ ಓಡಿಸುವವನು. ಕಣ್ಣು ಮಂಜಾಗುತ್ತದೆ ಎಂದ. ಕಣ್ಣು ಬಿಟ್ಟುಕೊಂಡೇ ಇರಲು ಹೇಳಿ ಯಂತ್ರದ ಮುಂದೆ ಕೂರಿಸಿದೆ.

"ಉರೀತದೆ ಕಣವ್ವ. ಒಂದ್ಸಾರಿ ಮುಚ್ಕೊಳ್ಳಾ?"

"ಸುಮ್ಮನ ಕೂಡ್ರಿ," ಎಂದೆ.

ನಕ್ಷೆಯಲ್ಲಿ ಕೆಂಪು ಉಬ್ಬು ಕಂಡಿತು. ವಾರಕ್ಕೊಮ್ಮೆ ಬರುವ ಡಾಕ್ಟರಿಗೆ ಕಾಯದೆ, ಕಣ್ಣಿನ ಪರದೆ ಚೂಪಾಗಿ ಉಬ್ಬುವ ರೋಗ ಇದೆ, ಲಾರಿ ಓಡಿಸಬೇಡಿ ಎಂದು ನಾನೇ ಹೇಳಿಬಿಟ್ಟೆ. ಇವರಿಗೆಲ್ಲ ಇಷ್ಟು ಸಾಕು ಎನ್ನುವ ಉಡಾಫೆ. ಮಾದಪ್ಪ ನಂಬಿ ಕೆಲಸ ನಿಲ್ಲಿಸಿದ. ಲಾರಿಯ ಮಾಲೀಕ ಬೇರೊಬ್ಬನನ್ನು ಇಟ್ಟುಕೊಂಡ.

ಮುಂದಿನ ವಾರ ಡಾಕ್ಟರು ನಕ್ಷೆ ನೋಡಿದರು. "ಉಂಗುರಗಳು ಒಡೆದಿವೆ. ಕಣ್ಣಿನ ಪಸೆ ಆರಿದ ಮೇಲೆ ತೆಗೆದಿದ್ದೀರಿ, ಅದಕ್ಕೇ ಈ ಸುಳ್ಳು ಉಬ್ಬು. ರೆಪ್ಪೆ ಬಡಿಯಲು ಬಿಡಲಿಲ್ಲವೇ?"

ಮಾದಪ್ಪನನ್ನು ಕರೆಸಿ ಮತ್ತೆ ತೆಗೆದೆ. ಉಬ್ಬಿರಲಿಲ್ಲ. ಬೇಕಾಗಿದ್ದದ್ದು ಒಂದು ಕನ್ನಡಕ ಮಾತ್ರ.

ತಪ್ಪಾಯಿತು ಎಂದೆ. ಮಾದಪ್ಪ ಸಿಟ್ಟಾಗಲಿಲ್ಲ. "ಉರೀತದೆ ಅಂತ ಯೋಳಿದ್ನಲ್ಲವ್ವ. ನಮ್ ಮಾತು ನಿಮ್ಗೆ ಅರ್ತ ಆಗ್ನಿಲ್ಲ ಅನ್ಕೊಂಡೆ," ಎಂದ.

ಅರ್ಥವಾಗಿತ್ತು.

ಗೌರಮ್ಮನನ್ನು ಕರೆದುಕೊಂಡು ಲಾರಿ ಮಾಲೀಕನ ಮನೆಗೆ ಹೋಗಿ ನನ್ನ ತಪ್ಪು ಒಪ್ಪಿಕೊಂಡೆ. "ಓಗ್ಲಿ ಬುಡಿ," ಎಂದು ಆತ ಕಾಫಿ ಕೊಟ್ಟ. ಮಾದಪ್ಪನಿಗೆ ಲಾರಿ ಮಾತ್ರ ಮರಳಿ ಕೊಡಲಿಲ್ಲ. ಅವನು ಈಗ ಅದೇ ಲಾರಿಗೆ ಕೂಲಿಯವನಾಗಿ ಕೋಸು ತುಂಬುತ್ತಾನೆ.

ಈ ಊರು ನನಗೆ ಈಗಲೂ ಹಿಡಿಸಿಲ್ಲ. ಆದರೆ ತುಚ್ಛವಾಗಿ ಕಾಣುವುದು ಈಗ ಊರಲ್ಲ, ನನ್ನ ಉಡಾಫೆ. ಮೊನ್ನೆ ಧಾರವಾಡದಿಂದ ಅಕ್ಕ ಫೋನು ಮಾಡಿ, "ಆ ಮಂದಿ ಜೋಡಿ ಹ್ಯಾಂಗ ಇರ್ತೀಯ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಹಾಗನ್ನಬೇಡ ಎನ್ನಲು ಬಾಯಿ ತೆರೆದೆ. ಅವರ ಪರವಾಗಿ ಮಾತಾಡಲು ನಾನು ಯಾರು ಎನ್ನಿಸಿ, ಊಟ ಆತೇನು ಎಂದು ಅಕ್ಕನನ್ನು ಕೇಳಿದೆ.