ಎಡಗೋಡು ಬಾಗಿದ ಸಕ್ಕರೆ ಎತ್ತು

ಈಗ ನಮ್ಮ ಸಿಂದಗಿಗೂ ಥೀಮ್ ಬಂದಿದೆ. ಮೊದಲು ಮಕ್ಕಳ ಹುಟ್ಟುಹಬ್ಬಕ್ಕೆ ಬೇಕರಿಯ ಕೇಕು, ಒಂದಿಷ್ಟು ಚುರುಮುರಿ ಇದ್ದರೆ ಸಾಕಾಗುತ್ತಿತ್ತು. ಈಗ ಒಬ್ಬರ ಮನೆಯಲ್ಲಿ ಸಮುದ್ರ, ಇನ್ನೊಬ್ಬರ ಮನೆಯಲ್ಲಿ ಕಾಡು. ಈ ವರ್ಷ ಆರು ತುಂಬುತ್ತಿದ್ದ ನನ್ನ ಮಗಳು ‘ಹೊಲ’ ಬೇಕೆಂದಳು. ಅದೇನು ದೊಡ್ಡ ಮಾತಲ್ಲ, ಊರ ಹೊರಗೆ ಕಾಲಿಟ್ಟರೆ ಹೊಲವೇ. ಆದರೆ ಕೇಕಿನ ಮೇಲೆ ನಮ್ಮ ಎತ್ತು ಮಲಗಿರಬೇಕು ಅಂದಳು. ಅಲ್ಲಿಂದ ನನ್ನ ನಿದ್ದೆ ಹೋಯಿತು.

ಏಕೆಂದರೆ ಆ ಎತ್ತು ಈಗ ನಮ್ಮದಾಗಿರಲಿಲ್ಲ. ಅದರ ಜೋಡಿ ಹಿಂದೆಯೇ ಸತ್ತಿತ್ತು, ಇದಕ್ಕೆ ವಯಸ್ಸಾಗಿತ್ತು, ಹೊಲದ ಕೆಲಸವನ್ನು ಬಾಡಿಗೆ ಟ್ರ್ಯಾಕ್ಟರ್ ಮಾಡುತ್ತಿತ್ತು. ದೀಪಾವಳಿ ಮುಗಿದ ಮೇಲೆ ಮಾವನವರು ಅದನ್ನು ಸಂತೆಗೆ ಹೊಡೆದುಕೊಂಡು ಹೋಗಿ, ಹಗ್ಗ ಮಾತ್ರ ತಿರುಗಿ ತಂದರು. ಮಗಳು ಅತ್ತಾಗ ನಾನು, ನನ್ನ ಗಂಡ, ಅತ್ತೆ ಮೂವರೂ ಸೇರಿ ಒಂದು ಸುಳ್ಳು ಕಟ್ಟಿದೆವು: ಎತ್ತು ಮುದ್ದೇಬಿಹಾಳದ ನಿನ್ನ ಸೋದರತ್ತೆಯ ಹೊಲದಲ್ಲಿದೆ, ಅಲ್ಲಿ ಕಾಲುವೆ ನೀರು, ಬೇಕಾದಷ್ಟು ಹಸಿ ಮೇವು. ಅವಳು ನಂಬಿದಳು. ಮಾವನವರು ಮಾತ್ರ ಆ ಮಾತನ್ನು ಒಮ್ಮೆಯೂ ಆಡಲಿಲ್ಲ. ಎತ್ತಿನ ಸುದ್ದಿ ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು. ಈಗ ಅದೇ ಎತ್ತನ್ನು ಮಾಡಿ ಅವರ ಕಣ್ಣ ಮುಂದೆಯೇ ಇಡಬೇಕಿತ್ತು. ಮಗಳ ಬಾಯಿ ಸುಮ್ಮನಿರುವಂಥದ್ದಲ್ಲ. ಬಂದ ಮಂದಿಯ ನಡುವೆ ಸುಳ್ಳು ಒಡೆದರೆ ಆ ಕೂಸಿಗೆ ಏನಾದೀತು ಎಂಬ ಹೆದರಿಕೆ ನನ್ನನ್ನು ಹಗಲೂ ಇರುಳೂ ತಿನ್ನುತ್ತಿತ್ತು.

ಯಾವುದೋ ಒಂದು ಎತ್ತು ಮಾಡಿ ಕೈತೊಳೆದುಕೊಂಡರಾಯಿತು ಎಂದುಕೊಂಡೆ. ಮೊಟ್ಟೆಯ ಬದಲು ಮೊಸರು ಹಾಕಿ, ಇಂಡಿ ಲಿಂಬೆಯ ಸಿಪ್ಪೆ ತುರಿದು ಎರಡು ಕೇಕು ಬೇಯಿಸಿದೆ. ಒಂದರ ಮೇಲೆ ಕೋಕೋ ಪುಡಿ ಉದುರಿಸಿ ಎರೆಹೊಲ ಮಾಡಿದೆ. ಇನ್ನೊಂದನ್ನು ಮಾದಲಿಯಂತೆ ಪುಡಿ ಮಾಡಿ, ಡಬ್ಬಿಯ ಗಟ್ಟಿ ಹಾಲಿನಲ್ಲಿ ನಾದಿ, ಎತ್ತಿನ ಮೈ ಕಟ್ಟತೊಡಗಿದೆ. ಮಾರ್ಚ್ ತಿಂಗಳ ಬಿಸಿಲು, ಸಾಲದ್ದಕ್ಕೆ ಕರೆಂಟಿಲ್ಲ. ಬೆನ್ನು ಕಟ್ಟಿದರೆ ಹೊಟ್ಟೆ ಜೋಲುತ್ತಿತ್ತು, ಹೊಟ್ಟೆ ಎತ್ತಿದರೆ ಕತ್ತು ಕುಸಿಯುತ್ತಿತ್ತು. ಸಕ್ಕರೆ ಪುಡಿಯ ಕಣಕ ಲಟ್ಟಿಸಿ ಮೇಲೆ ಹೊದಿಸುವಾಗ ಬೆವರು ಬಿದ್ದೀತೆಂದು ಹಣೆಗೆ ವಸ್ತ್ರ ಕಟ್ಟಿಕೊಂಡಿದ್ದೆ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾದರೂ ಆಗಲಿ ಎಂದು ಒಳಗೊಳಗೇ ಹಾರೈಸಿದೆ. ನಾಯಿಯಂತೆ ಕಂಡರೂ ನಡೆದೀತು, ಆ ಎತ್ತಿನಂತೆ ಕಾಣದಿದ್ದರೆ ಸಾಕು. ಆದರೆ ನನ್ನ ತವರು ಬಸವನ ಬಾಗೇವಾಡಿ. ವರ್ಷವರ್ಷವೂ ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ತಂದು ಎತ್ತು ಮಾಡಿ ಪೂಜೆಗಿಟ್ಟು ಬೆಳೆದ ಕೈ ಇದು. ಬೆನ್ನ ಮೇಲೆ ಹಿಣಿಲು ತಾನಾಗಿ ಎದ್ದಿತು, ಕತ್ತಿನ ಕೆಳಗೆ ಗಂಗೆದೊಗಲು ತಾನಾಗಿ ಇಳಿಯಿತು. ಉಳಿದದ್ದನ್ನು ಮಗಳು ಪಕ್ಕದಲ್ಲಿ ಕುಳಿತು ಮಾಡಿಸಿದಳು. ಎಡಗೋಡು ಕೆಳಗೆ ಬಾಗಿರಬೇಕು. ಹಣೆಯ ಮೇಲೆ ಕಂದು ಮಚ್ಚೆ ಬೇಕು. ನಿಜದ ಎತ್ತಿನ ಬಲಗಿವಿಯ ತುದಿ ಹರಿದಿತ್ತು, ನಾನದನ್ನು ಬೇಕೆಂದೇ ಬಿಟ್ಟಿದ್ದೆ. ಅವಳೇ ಉಗುರಿನಿಂದ ಕಿತ್ತಳು. ಮುಗಿದ ಮೇಲೆ ಹಿಂದೆ ಸರಿದು ನೋಡಿದೆ. ಅದು ಅದೇ ಎತ್ತು.

ಅಡುಗೆಮನೆಗೆ ಬಂದ ಅತ್ತೆ ಮೊದಲು ಕೈಮುಗಿದರು, ಆಮೇಲೆ ಬೈದರು.

“ಬಾಗೇವಾಡ್ಯಾಕಿ ಆಗಿ ಎತ್ತಿಗೆ ಚೂರಿ ಹಾಕಸ್ತೀಯೇನವಾ?”

ಅಲ್ಲಿಯವರೆಗೆ ಅದು ನನಗೆ ಹೊಳೆದೇ ಇರಲಿಲ್ಲ. ಕೇಕು ಅಂದಮೇಲೆ ಕೊಯ್ಯಲೇಬೇಕು. ಮಣ್ಣೆತ್ತನ್ನು ನಾವು ಪೂಜೆ ಮಾಡಿ ನೀರಿಗೆ ಬಿಡುವವರು, ಅದರ ಮುಂದೆ ಯಾರೂ ಚೂರಿ ಹಿಡಿದವರಲ್ಲ. ಮಾವನವರಿಗೆ ಹೋಲಿಕೆ ಕಂಡೀತೆಂಬ ಚಿಂತೆಯಲ್ಲಿ ನಾನು ಇಷ್ಟು ದೊಡ್ಡದನ್ನೇ ಮರೆತಿದ್ದೆ. ಬೇರೆ ಕೇಕು ಮಾಡಲು ಹೊತ್ತಿರಲಿಲ್ಲ. ಹೊರಗೆ ಮಕ್ಕಳು ಬರತೊಡಗಿದ್ದರು.

ಧೋತರ, ಪಟಕ ಸುತ್ತಿಕೊಂಡ ಹುಡುಗರು, ಇಳಕಲ್ ಸೀರೆಯ ಪುಟ್ಟ ಹುಡುಗಿಯರು. ಅವರಲ್ಲಿ ಅರ್ಧ ಮಂದಿಯ ಅಜ್ಜಂದಿರು ಇವತ್ತಿಗೂ ಹೊಲದಲ್ಲಿ ತೊಗರಿ ರಾಶಿ ಮಾಡುವವರು; ಮೊಮ್ಮಕ್ಕಳು ನಮ್ಮ ಮನೆಗೆ ರೈತರ ವೇಷ ಹಾಕಿಕೊಂಡು ಬಂದಿದ್ದರು. ಬೇರೆ ದಿನವಾದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವತ್ತು ನನ್ನ ಕಣ್ಣೆಲ್ಲ ಬಾಗಿಲ ಕಡೆಗಿತ್ತು. ಮಾವನವರು ಬರದಿದ್ದರೆ ಸಾಕು ಎಂದು ಬೇಡಿಕೊಳ್ಳುತ್ತಿದ್ದೆ. ಮೊಮ್ಮಗಳೇ ಹೋಗಿ ಕೈಹಿಡಿದು ಎಳೆದುಕೊಂಡು ಬಂದಳು. ಅವರು ಆ ಬಾಗಿದ ಕೋಡನ್ನು ನೋಡುತ್ತ ನಿಂತರು.

ಹಾಡು ಮುಗಿಯಿತು. ಮಗಳು ಚೂರಿಯನ್ನು ಎತ್ತಿನ ಕತ್ತಿನ ಹತ್ತಿರ ತಂದವಳು ಅಲ್ಲೇ ತಡೆದು ನಿಂತಳು.

“ಅಜ್ಜಾ, ಇದನ್ನ ಕೊಯ್ದ್ರ ಮುದ್ದೇಬಿಹಾಳದಾಗ ಇರೋದಕ್ಕ ಬ್ಯಾನಿ ಆಗ್ತೈತೇನ?”

ಇಲ್ಲ ಅಂದುಬಿಡಲಿ ಎಂದು ನಾನು ಮಾವನವರ ಕಡೆ ನೋಡಿದೆ. ಅದೊಂದು ಮಾತು ಸಾಕಿತ್ತು. ಮಾವನವರು ಅವಳ ಕೈಯಿಂದ ಚೂರಿ ತೆಗೆದು ಪಕ್ಕಕ್ಕಿಟ್ಟು, ಅವಳ ಮುಂದೆ ನೆಲದ ಮೇಲೆ ಕುಳಿತರು.

“ಅದು ಮುದ್ದೇಬಿಹಾಳದಾಗ ಇಲ್ಲವಾ. ನಾನ ಅದನ್ನ ಸಂತ್ಯಾಗ ಮಾರೇನಿ. ಈಗ ಐತೋ ಇಲ್ಲೋ, ನನಗೂ ಗೊತ್ತಿಲ್ಲ.”

ವಿಡಿಯೋ ಮಾಡುತ್ತಿದ್ದ ತಾಯಂದಿರು ಮೊಬೈಲ್ ಕೆಳಗಿಳಿಸಿದರು. ನಿಜ ಹೇಳುತ್ತೇನೆ, ನನಗೆ ಮಾವನವರ ಮೇಲೆ ವಿಪರೀತ ಸಿಟ್ಟು ಬಂತು. ಇಷ್ಟು ದಿನ ಸುಮ್ಮನಿದ್ದವರಿಗೆ ಹೇಳಲು ಇವತ್ತೇ ಬೇಕಿತ್ತೇ? ಮಗಳು ಈಗ ಅಳುತ್ತಾಳೆ, ಎತ್ತಿಕೊಳ್ಳಬೇಕು ಎಂದು ಮುಂದೆ ಹೋದೆ. ಅವಳು ಅಳಲಿಲ್ಲ. ನನ್ನ ಮುಖ ನೋಡಿದಳು. ಅಜ್ಜಿಯ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಆಮೇಲೆ ಹೋಗಿ ಅಜ್ಜನ ತೊಡೆಯ ಮೇಲೆ ಕುಳಿತಳು.

“ಹೊಲ ಅಷ್ಟ ಕೊಯ್ಯಿ,” ಎಂದು ನನಗೆ ಹೇಳಿದಳು.

ಎತ್ತನ್ನು ಹಾಗೇ ಎತ್ತಿ ಬೇರೆ ತಟ್ಟೆಯಲ್ಲಿಟ್ಟು, ಹೊಲವನ್ನು ತುಂಡು ಮಾಡಿ ಎಲ್ಲರಿಗೂ ಹಂಚಿದೆ. ಮಕ್ಕಳು ಇನ್ನೂ ಬೇಕೆಂದು ಕೇಳಿ ತಿಂದರು. ಮೊದಲ ತುಂಡನ್ನು ಮಗಳ ಬಾಯಿಗೆ ಹಿಡಿದಾಗ ಅವಳು ಮುಖ ತಿರುಗಿಸಿದಳು. ಅದನ್ನೇ ಮಾವನವರು ನನ್ನ ಕೈಯಿಂದ ತೆಗೆದುಕೊಂಡು ಕೊಟ್ಟರು. ತಿಂದಳು.