ನೆನಪಿಲ್ಲ ಎಂದು ಬರೆದದ್ದು

ರೋಗಿಯ ಹೊಟ್ಟೆ ಮುಟ್ಟುವ ಮೊದಲು ಸಿಸ್ಟರ್ ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ಬಲಗೈ ತೋರುಬೆರಳಿನ ಉಗುರು ಎಂದೋ ಒಡೆದು ಸೀಳಾಗಿಯೇ ಬೆಳೆದಿತ್ತು. ಮಕ್ಕಳಿಗೆ ಚುಚ್ಚಬಾರದೆಂದು ಅದಕ್ಕೆ ಸದಾ ಪ್ಲಾಸ್ಟರ್.

ಗದಗಿನವರು. ಸಿಡ್ನಿಯಿಂದ ಒಂದು ದಿನದ ದಾರಿ ದೂರದ ಟ್ರುಗನಿನಾ ಎಂಬ ಊರಿನ ನಮ್ಮ ಕ್ಲಿನಿಕ್ಕಿನಲ್ಲಿ ನರ್ಸ್ ಪ್ರಾಕ್ಟಿಷನರ್, ಅಂದರೆ ತಾವೇ ಪರೀಕ್ಷಿಸಿ ಔಷಧಿ ಬರೆಯುವ ಅಧಿಕಾರವಿದ್ದ ನರ್ಸ್. ಆದರೂ ಆಗಿನ ನಿಯಮದಂತೆ ಅವರಿಗೆ ಒಬ್ಬ ಡಾಕ್ಟರ ಜೊತೆ ಒಪ್ಪಂದವಿರಬೇಕಿತ್ತು. ಆ ಡಾಕ್ಟರ್ ನಾನು, ಅವರಿಗಿಂತ ಹದಿನೆಂಟು ವರ್ಷ ಚಿಕ್ಕವನು. ಮೈಸೂರಿನಿಂದ ಬಂದ ನನ್ನ ವೀಸಾಕ್ಕೆ ಕ್ಲಿನಿಕ್ ಮಾಲೀಕರೇ ಸ್ಪಾನ್ಸರ್. ಅವರು ಕೈಬಿಟ್ಟರೆ ನಾನು ಹೆಂಡತಿ, ಮಗಳೊಡನೆ ದೇಶ ಬಿಡಬೇಕು. ನಾನು ಕೈಬಿಟ್ಟರೆ ಸಿಸ್ಟರ್ ಕೆಲಸ ಬಿಡಬೇಕು.

ದಿನದ ಕೊನೆಗೆ ಅವರ ನೋಟ್ಸಿಗೆಲ್ಲ ಒಟ್ಟಿಗೆ ಸಹಿ ಹಾಕಿಬಿಡಲು ಮಾಲೀಕರು ಹೇಳುತ್ತಿದ್ದರು. ಸಿಸ್ಟರ್ ಬಿಡುತ್ತಿರಲಿಲ್ಲ.

“ಪೇಷಂಟ್‌ನ ನೋಡೇ ಇಲ್ಲ, ಸಹಿ ಹೆಂಗ ಮಾಡ್ತೀರಿ ಡಾಕ್ಟ್ರ? ಕುಂದರ್ರಿ, ಹೇಳ್ತೀನಿ,” ಎಂದು ಒಬ್ಬೊಬ್ಬರ ವಿಷಯವನ್ನೂ ವಿವರಿಸುತ್ತಿದ್ದರು. ಮನೆಗೆ ಹೊರಟವನಿಗೆ ಅದು ಕಿರಿಕಿರಿ.

ಒಂದು ಸೋಮವಾರ ಲಾರಿ ಡ್ರೈವರ್ ಒಬ್ಬ ಹೊಟ್ಟೆನೋವೆಂದು ಅವರಲ್ಲಿಗೆ ಬಂದ. ಪಕ್ಕದ ಕೋಣೆಯಿಂದ ಸಿಸ್ಟರ್ ಫೋನ್ ಮಾಡಿದರು.

“ಬಲಗಡೆ ಹೊಟ್ಟಿ ಗಟ್ಟಿ ಆಗೇತ್ರಿ. ಅಪೆಂಡಿಕ್ಸ್ ಅನಸ್ತೈತಿ. ಆಸ್ಪತ್ರೆಗೆ ಕಳಸ್ಲೇನ್ರಿ? ನೀವೂ ಒಮ್ಮೆ ಬಂದು ನೋಡ್ರಿ.”

“ಜ್ವರ ಇದ್ಯಾ?”

“ಇಲ್ರಿ.”

ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು. “ಗ್ಯಾಸ್ ಇರತ್ತೆ ಸಿಸ್ಟರ್. ಮಾತ್ರೆ ಕೊಟ್ಟು ಕಳ್ಸಿ, ನಾಳೆ ನೋಡೋಣ.”

“ಆತ್ರಿ,” ಎಂದು ಸಿಸ್ಟರ್ ಫೋನ್ ಇಟ್ಟರು.

ಮರುದಿನ ಅಪೆಂಡಿಕ್ಸ್ ಒಡೆದು ಆತ ಐಸಿಯು ಸೇರಿದ. ಬದುಕಿಕೊಂಡ, ಆದರೆ ತಿಂಗಳುಗಟ್ಟಲೆ ಲಾರಿ ಹತ್ತಲಾಗಲಿಲ್ಲ. ಆತನ ಹೆಂಡತಿ ವೈದ್ಯಕೀಯ ಮಂಡಳಿಗೆ ದೂರು ಕೊಟ್ಟಳು. ಸಿಸ್ಟರ್ ನೋಟ್ಸಿನಲ್ಲಿ ನನ್ನ ಬಗ್ಗೆ ಒಂದು ಸಾಲಿತ್ತು: ಫೋನಿನಲ್ಲಿ ಕೇಳಿದೆ, ಮನೆಗೆ ಕಳಿಸಲು ಹೇಳಿದರು.

ಮಾಲೀಕರು ನನ್ನನ್ನು ಕರೆದು ಬಾಗಿಲು ಹಾಕಿದರು. ಆ ಫೋನ್ ನೆನಪಿಲ್ಲ ಎಂದು ಬರೆದುಕೊಡು, ಈ ದೇಶದಲ್ಲಿ ಕಾಯಂ ಉಳಿಯಲು ಬೇಕಾದ ನಿನ್ನ ಪಿಆರ್ ಪೇಪರಿಗೆ ನಾನಿನ್ನೂ ಸಹಿ ಹಾಕಿಲ್ಲ ಎಂದರು. ನಾನು ಅಲ್ಲಿಂದ ನೇರ ಸಿಸ್ಟರ್ ಹತ್ತಿರ ಹೋದೆ.

“ಆ ಒಂದು ಲೈನ್ ತೆಗೆಯೋಕಾಗತ್ತಾ ಸಿಸ್ಟರ್? ನನ್ನ ವೀಸಾ...”

“ಬರದದ್ದು ಅಳಸಂಗಿಲ್ರಿ. ಅನುಮಾನ ಇದ್ರೂ ನಿಮ್ಮ ಮಾತು ಕೇಳಿ ಕಳಿಸಿದ್ದು ನನ್ನ ತಪ್ಪು. ಅದನ್ನ ನಾ ಹೇಳ್ಕೋತೀನಿ. ನಿಮ್ಮದು ನೀವು ಹೇಳ್ರಿ.”

ನಾನು ನೆನಪಿಲ್ಲ ಎಂದು ಬರೆದುಕೊಟ್ಟೆ.

ಪರೀಕ್ಷಿಸಿದವರು ಸಿಸ್ಟರ್, ತೀರ್ಮಾನದ ಹೊಣೆಯೂ ಅವರದೇ ಎಂದು ವಿಚಾರಣೆ ಮುಗಿಯಿತು. ಡಾಕ್ಟರ್ ಎದುರಿಗಿದ್ದಾಗ ಮಾತ್ರ ರೋಗಿಗಳನ್ನು ನೋಡಬೇಕೆಂದು ಮಂಡಳಿಯವರು ಷರತ್ತು ಹಾಕಿದರು. ಅಂಥ ಷರತ್ತಿನ ಮೇಲೆ ಯಾವ ಕ್ಲಿನಿಕ್ಕೂ ಅವರನ್ನು ಇಟ್ಟುಕೊಳ್ಳಲಿಲ್ಲ. ಸಿಡ್ನಿಗೆ, ಬ್ಲ್ಯಾಕ್‌ಟೌನಿನ ಮಗಳ ಮನೆಗೆ ಹೊರಟರು. ಕೊನೆಯ ದಿನ ಯಾವ ರೋಗಿಗೆ ಯಾವ ವಾರ ರಕ್ತಪರೀಕ್ಷೆ ಎಂದು ಪಟ್ಟಿ ಮಾಡಿ ನನ್ನ ಮೇಜಿನ ಮೇಲಿಟ್ಟು ಹೋದರು.

ಎಂಟು ತಿಂಗಳಿಗೆ ನನ್ನ ಪಿಆರ್ ಬಂತು. ಆ ವಾರವೇ ಸಿಡ್ನಿಗೆ ಹೋದೆ. ಮಗಳು ಕೆಲಸಕ್ಕೆ ಹೋಗಿದ್ದರು. ಕಿಡ್ನಿ ಕೆಟ್ಟು ಡಯಾಲಿಸಿಸ್ ಮೇಲಿದ್ದ ಸಿಸ್ಟರ್ ಅರ್ಧಕ್ಕರ್ಧ ಇಳಿದುಹೋಗಿದ್ದರು.

“ತಪ್ಪಾಯ್ತು ಸಿಸ್ಟರ್. ನನಗೆಲ್ಲ ನೆನಪಿತ್ತು.”

“ನನಗ ಗೊತ್ತಿತ್ತಲ್ರಿ. ಗೊತ್ತಿಲ್ಲದವರಿಗೆ ಬರೀರಿ.”

ಮಂಡಳಿಗೆ ನಿಜ ಬರೆದೆ. ನನಗೆ ಎಚ್ಚರಿಕೆ ಪತ್ರ ಬಂತು, ಅವರ ಮೇಲಿನ ಷರತ್ತು ಹೋಯಿತು. ಆದರೆ ಮತ್ತೆ ಡ್ಯೂಟಿಗೆ ಹೋಗುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಆ ಚಳಿಗಾಲದಲ್ಲೇ ತೀರಿಕೊಂಡರು.

ಅಂತ್ಯಕ್ರಿಯೆಗೆ ಹೋದಾಗ ಮಗಳು ನನ್ನನ್ನು ನೆಂಟರ ಬಳಿ ಕರೆದೊಯ್ದರು. “ಅಮ್ಮನ ಕ್ಲಿನಿಕ್ ಡಾಕ್ಟರ್ ಇವ್ರೇ. ಕೇಸಲ್ಲಿ ಇವ್ರೊಬ್ರೇ ನಿಜ ಹೇಳಿದ್ದು ಅಂತ ಅಮ್ಮ ಹೇಳ್ತಿದ್ರು.”

ನೆನಪಿಲ್ಲ ಎಂದ ನನ್ನ ಮೊದಲ ಪತ್ರದ ವಿಷಯ ಸಿಸ್ಟರ್ ಮನೆಯಲ್ಲಿ ಹೇಳಿಯೇ ಇರಲಿಲ್ಲ. ವಯಸ್ಸಾದವರೊಬ್ಬರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ನಾನು ಬಿಡಿಸಿಕೊಳ್ಳಲಿಲ್ಲ, ಹಾಗಲ್ಲ ಎಂದೂ ಹೇಳಲಿಲ್ಲ.