ತಣ್ಣೀರು ಸುಡುತ್ತದೆ ಎಂದವಳು

1983ರಲ್ಲಿ ನಾನು ಲಾಸ್ ಏಂಜಲೀಸ್‌ನ ಎಲ್ ಸೆಗುಂಡೋ ಬಳಿಯ ಒಂದು ಕ್ಲಿನಿಕ್ಕಿನಲ್ಲಿ ಇಂಟರ್ನಲ್ ಮೆಡಿಸಿನ್ ಡಾಕ್ಟರಾಗಿದ್ದೆ. ಆಪರೇಷನ್ ಇಲ್ಲದೆ, ಔಷಧದಿಂದಲೇ ದೊಡ್ಡವರ ಕಾಯಿಲೆಗಳನ್ನು ನೋಡಿಕೊಳ್ಳುವ ವಿಭಾಗ ಅದು. ಸುತ್ತಮುತ್ತ ವಿಮಾನ, ರಾಕೆಟ್ಟುಗಳ ಕಂಪನಿಗಳಿದ್ದುದರಿಂದ ನಮ್ಮಲ್ಲಿಗೆ ಬರುವವರಲ್ಲಿ ಎಂಜಿನಿಯರುಗಳೂ ಅವರ ಮನೆಯವರೂ ಹೆಚ್ಚು. ಮೈಸೂರಿನಲ್ಲಿ ಓದಿ ಬಂದ ನನಗೆ ಅಷ್ಟು ಹೊತ್ತಿಗೆ ಲಾಸ್ ಏಂಜಲೀಸ್ ಹಳೆಯದಾಗಿತ್ತು. ಕನ್ನಡದವರಿಗೆ ಏನಾದರೂ ಆದರೆ ಮೊದಲು ಫೋನ್ ಬರುತ್ತಿದ್ದುದು ನಮ್ಮ ಮನೆಗೆ. ನಮ್ಮ ಭಾಷೆಯ ಡಾಕ್ಟರ್ ಮುಂದೆ ರೋಗಿ ಬಾಯಿ ಬಿಚ್ಚಿ ಮಾತಾಡುತ್ತಾನೆ, ಅರ್ಧ ಕಾಯಿಲೆ ಅಲ್ಲೇ ತಿಳಿಯುತ್ತದೆ ಎಂದು ನಾನು ನಂಬಿದ್ದೆ, ಕಿರಿಯ ಡಾಕ್ಟರುಗಳಿಗೂ ಹೇಳುತ್ತಿದ್ದೆ.

ಆ ವರ್ಷದ ಬೇಸಿಗೆಯ ಶುರುವಿನಲ್ಲಿ ಶ್ರೀಧರ ತನ್ನ ಹೆಂಡತಿ ಸುಮಿತ್ರಾಳನ್ನು ಕರೆದುಕೊಂಡು ಬಂದ. ಹೆಸರುಗಳನ್ನು ಬದಲಿಸಿದ್ದೇನೆ. ಇಬ್ಬರೂ ಧಾರವಾಡದ ಕಡೆಯವರು. ಅವನು ಒಂದು ಏರೋಸ್ಪೇಸ್ ಕಂಪನಿಯಲ್ಲಿ ಎಂಜಿನಿಯರ್. ಮನೆ ಸ್ಯಾಂಟಾ ಕ್ಲಾರಿಟಾ ಕಡೆ, ದಿನಾ ಅಷ್ಟು ದೂರದಿಂದ ಡ್ರೈವ್ ಮಾಡಿಕೊಂಡು ಕೆಲಸಕ್ಕೆ ಬರುತ್ತಿದ್ದ. ಇಬ್ಬರು ಚಿಕ್ಕ ಮಕ್ಕಳು. ಅವನ ತಾಯಿ ಹಿಂದೊಮ್ಮೆ ಇಲ್ಲಿಗೆ ಬಂದಿದ್ದಾಗ ನನಗೂ ಅವರಿಗೂ ಬಹಳ ಸ್ನೇಹವಾಗಿತ್ತು. ಸಾಮಾನು ತರಲು ನಮ್ಮ ದೇಶದವರ ಅಂಗಡಿಗಳಿರುವ ಆರ್ಟೀಸಿಯಾಕ್ಕೆ ನನ್ನ ಕಾರಿನಲ್ಲೇ ಹೋಗುತ್ತಿದ್ದೆವು. ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದರು. ಮಡಿ, ಏಕಾದಶಿಯ ಹೆಂಗಸು, ಹೊರಗೆ ಹೊರಟರೆ ನೀರನ್ನೂ ಮನೆಯಿಂದ ಒಯ್ಯುವವರು. ಆಗಸ್ಟಿನಲ್ಲಿ ಮತ್ತೆ ಬರುವವರಿದ್ದರು.

ಸುಮಿತ್ರಾ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕುಳಿತಳು, ಅವು ಬೇರೆ ಯಾರದೋ ಎನ್ನುವ ಹಾಗೆ. ಏನಾಗುತ್ತಿದೆ ಎಂದು ಕೇಳಿದೆ.

"ತಣ್ಣೀರು ಮುಟ್ಟಿದ್ರ ಕೈ ಸುಟ್ಟಂಗ ಆಗ್ತದರಿ ಆಂಟಿ. ಬಿಸಿ ಚಹಾ ಕುಡದ್ರ ತಣ್ಣಗ ಅನಸ್ತದ. ಯಾರ ಮುಂದ ಹೇಳಿದ್ರೂ ನಗತಾರ."

ಉಳಿದದ್ದನ್ನು ಒಂದೊಂದಾಗಿ ಕೇಳಿ ತಿಳಿದುಕೊಂಡೆ. ತುಟಿ, ಬೆರಳ ತುದಿಗಳಲ್ಲಿ ಜುಮುಜುಮು. ಅಂಗೈ, ಅಂಗಾಲಿನಲ್ಲಿ ಕಡಿತ. ಹಲ್ಲುಗಳೆಲ್ಲ ಸಡಿಲವಾಗಿ ಇನ್ನೇನು ಬಿದ್ದೇಬಿಡುತ್ತವೆ ಎಂಬ ಭಾವನೆ. ಆದರೆ ನಾನು ಮುಟ್ಟಿ ನೋಡಿದರೆ ಒಂದೂ ಅಲ್ಲಾಡುವುದಿಲ್ಲ. ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತವೆ. ನಾಡಿ ನಿಧಾನವಾಗಿತ್ತು. ಇದೆಲ್ಲ ಶುರುವಾದದ್ದು ಅವರು ಪ್ರವಾಸ ಮುಗಿಸಿ ಬಂದ ಮೇಲೆ. ಮದುವೆಯಾದಾಗಿನಿಂದ ಗಂಡ ಹೆಂಡತಿ ಇಬ್ಬರೇ ಎಲ್ಲಿಗೂ ಹೋಗಿರಲಿಲ್ಲವಂತೆ. ಆಫೀಸಿನ ಗೆಳೆಯನೊಬ್ಬ ಹೇಳಿದ ಅಂತ ಮಕ್ಕಳನ್ನು ಸ್ನೇಹಿತರ ಮನೆಯಲ್ಲಿ ಬಿಟ್ಟು ಕೆರಿಬಿಯನ್ ದ್ವೀಪವೊಂದರ ರೆಸಾರ್ಟಿಗೆ ಹೋಗಿದ್ದರು. ದಂಪತಿಗಳಿಗಷ್ಟೇ ಪ್ರವೇಶವಿರುವ ರೆಸಾರ್ಟು. ಊಟ, ತಿಂಡಿ, ಪಾನೀಯ ಎಲ್ಲವೂ ಬಾಡಿಗೆಯಲ್ಲೇ ಸೇರಿರುತ್ತದೆ. ಮರಳಿನ ಮೇಲೆ ಇಬ್ಬರಿಗೊಂದು ಮೇಜು, ತೆಂಗಿನ ಮರಗಳ ನಡುವೆ ಕಟ್ಟಿದ ಜೋಲಿ. ಅಲ್ಲಿ ಒಂದು ದಿನ ಇವಳಿಗೆ ವಾಂತಿ, ಭೇದಿ ಆಗಿತ್ತು. ನೀರಿನ ದೋಷವೆಂದು ಸುಮ್ಮನಾಗಿದ್ದರು.

ಏನು ತಿಂದಿರಿ ಎಂದು ಮೊದಲ ದಿನವೇ ಕೇಳಿದ್ದೆ. ಶ್ರೀಧರನೇ ಉತ್ತರ ಕೊಟ್ಟ: ಅನ್ನ, ಹುರುಳಿಕಾಯಿ ಪಲ್ಯದಂಥದ್ದು, ಬ್ರೆಡ್ಡು, ಹಣ್ಣು. ನಾನದನ್ನು ಹಾಗೇ ಬರೆದುಕೊಂಡೆ. ಆ ತಾಯಿಯ ಮಗ ಮತ್ತೇನು ತಿಂದಾನು?

ಸಸ್ಯಾಹಾರಿಗಳೆಂದ ಮೇಲೆ ನನ್ನ ತಲೆಗೆ ಮೊದಲು ಬಂದದ್ದು ವಿಟಮಿನ್ ಬಿ12. ಅದು ಕಡಿಮೆಯಾದರೆ ನರಗಳು ಸೊರಗಿ ಕೈಕಾಲು ಜೋಮು ಹಿಡಿಯುತ್ತವೆ. ನಮ್ಮವರಲ್ಲಿ ಬಹಳ ಕಂಡಿದ್ದೆ. ರಕ್ತ ಪರೀಕ್ಷೆಗೆ ಕಳಿಸಿ, ಫಲಿತಾಂಶಕ್ಕೂ ಕಾಯದೆ ಇಂಜೆಕ್ಷನ್ ಶುರು ಮಾಡಿದೆ. ಬಿ12 ಸರಿಯಾಗಿಯೇ ಇತ್ತು. ಸಕ್ಕರೆ ಕಾಯಿಲೆ ಇರಲಿಲ್ಲ. ಥೈರಾಯ್ಡ್ ಸರಿ ಇತ್ತು. ಇಂಜೆಕ್ಷನ್ನಿನಿಂದ ಏನೂ ಆಗಲಿಲ್ಲ. ಪ್ರತಿ ಸಲವೂ ಅವಳು ಅದೇ ಮಾತನ್ನು ಅಷ್ಟೇ ಮೆಲ್ಲಗೆ ಹೇಳುತ್ತಿದ್ದಳು. ಕೇಳಿದ ಪ್ರಶ್ನೆಗಷ್ಟೇ ಉತ್ತರ, ನಂತರ ನೆಲ ನೋಡುವುದು. ಇಷ್ಟು ವಿಚಿತ್ರವಾದ ಕಾಯಿಲೆ ಬಂದವರು ಡಾಕ್ಟರನ್ನು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡುತ್ತಾರೆ. ಇವಳು ಮಾತ್ರ ಕಾಯಿಲೆಯನ್ನು ಒಪ್ಪಿಕೊಂಡು ಕುಳಿತವಳಂತೆ ಕಾಣುತ್ತಿದ್ದಳು. ನನಗೆ ಅದೂ ಅರ್ಥವಾಗಲಿಲ್ಲ.

ನ್ಯೂರಾಲಜಿಸ್ಟ್, ಅಂದರೆ ನರರೋಗ ತಜ್ಞರ ಹತ್ತಿರ ಕಳಿಸಿದೆ. ಅವರು ನಿಧಾನವಾಗಿ, ಚೆನ್ನಾಗಿಯೇ ನೋಡಿದರು. ಎರಡು ಸಾಧ್ಯತೆ ಇದೆ ಎಂದರು. ಒಂದು ಮಲ್ಟಿಪಲ್ ಸ್ಕ್ಲೆರೋಸಿಸ್: ನರಗಳ ಹೊದಿಕೆ ಸವೆಯುತ್ತ ಹೋಗಿ, ಕೆಲವರನ್ನು ಗಾಲಿಕುರ್ಚಿಗೆ ತಂದು ಕೂರಿಸುವ ಕಾಯಿಲೆ. ಇನ್ನೊಂದು ಮನಸ್ಸಿಗೆ ಸಂಬಂಧಿಸಿದ್ದು. ಮೊದಲನೆಯದನ್ನು ಖಚಿತಪಡಿಸಿಕೊಳ್ಳಲು ಬೆನ್ನುಹುರಿಯ ನೀರು ತೆಗೆದು ಪರೀಕ್ಷಿಸಬೇಕು, ಏನೂ ಸಿಗದಿದ್ದರೆ ಸೈಕಿಯಾಟ್ರಿಸ್ಟ್. ಸುಮಿತ್ರಾ ನನ್ನ ಹತ್ತಿರ ಬಂದು ಒಂದೇ ಒಂದು ವಿಷಯ ಕೇಳಿದಳು: ಇನ್ನೆಷ್ಟು ವರ್ಷ ತನ್ನ ಕಾಲ ಮೇಲೆ ತಾನು ಓಡಾಡಬಹುದು? ಮಕ್ಕಳನ್ನು ಧಾರವಾಡದ ಅಕ್ಕನ ಮನೆಗೆ ಯಾವಾಗ ಕಳಿಸಬೇಕೆಂದು ನಿರ್ಧರಿಸಲು ಅವಳಿಗೆ ಅದು ಬೇಕಿತ್ತು.

ಬೆನ್ನುಹುರಿಯ ಪರೀಕ್ಷೆಗೆ ಮುಂಚೆ ಇನ್ನೊಂದು ಸಲ ರಕ್ತ ಕೊಡಲು ಇಬ್ಬರೂ ಬಂದಿದ್ದರು. ಖಾಲಿ ಹೊಟ್ಟೆಯಲ್ಲಿ ಬಂದಿದ್ದ ಅವಳಿಗೆ ನಮ್ಮ ನರ್ಸ್ ಚಹಾ ಕೊಟ್ಟಳು, ಶ್ರೀಧರನಿಗೆ ಫ್ರಿಜ್ಜಿನಿಂದ ಸೋಡಾ ಡಬ್ಬಿ ತೆಗೆದುಕೊಟ್ಟಳು. ಅವನು ಜೇಬಿನಿಂದ ಕರ್ಚೀಫು ತೆಗೆದು, ನಾಲ್ಕು ಮಡಿಕೆ ಮಾಡಿ, ಡಬ್ಬಿಗೆ ಸುತ್ತಿ ಹಿಡಿದುಕೊಂಡ. ಕುಡಿಯಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಯಾಕೆ ಕರ್ಚೀಫು ಎಂದು ಕೇಳಿದ್ದಕ್ಕೆ ಡಬ್ಬಿ ಒದ್ದೆಯಾಗಿದೆ ಎಂದ. ಹತ್ತಿರ ಹೋಗಿ, ಕರ್ಚೀಫು ತೆಗೆದು ಬರಿಗೈಯಲ್ಲಿ ಹಿಡಿ ನೋಡೋಣ ಎಂದೆ. ಹಿಡಿದ. ಹಿಡಿದವನೇ ಕೆಂಡ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಡಬ್ಬಿ ನೆಲಕ್ಕೆ ಬಿದ್ದು ಉರುಳಿತು. ಸುಮಿತ್ರಾ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವಳಿಗೂ ಅದು ಆಗಲೇ ಗೊತ್ತಾದದ್ದು. ಮನೆಯಲ್ಲಿ ಇಬ್ಬರೂ ಮಲಗಿಬಿಟ್ಟರೆ ಮಕ್ಕಳ ಗತಿ ಏನೆಂದು, ತನ್ನದು ಅವಳಿಗಿಂತ ಕಡಿಮೆಯಿದೆಯೆಂದು ಯಾರಿಗೂ ಹೇಳದೆ ಆಫೀಸಿಗೆ ಹೋಗುತ್ತಿದ್ದನಂತೆ.

ಮಲ್ಟಿಪಲ್ ಸ್ಕ್ಲೆರೋಸಿಸ್ ಗಂಡ ಹೆಂಡತಿಗೆ ಒಂದೇ ವಾರದಲ್ಲಿ ಬರುವ ಕಾಯಿಲೆಯಲ್ಲ. ಇಬ್ಬರ ಹೊಟ್ಟೆಗೂ ಹೋದದ್ದು ಏನೋ ಇದೆ. ಬೆನ್ನುಹುರಿಯ ಪರೀಕ್ಷೆಯನ್ನು ತಡೆಹಿಡಿಯಲು ನ್ಯೂರಾಲಜಿಸ್ಟ್‌ಗೆ ಹೇಳಿ, ಸ್ಯಾನ್ ಡಿಯಾಗೋದಲ್ಲಿದ್ದ ಡಾಕ್ಟರ್ ವಾಲ್ಟರ್‌ಗೆ ಫೋನ್ ಮಾಡಿದೆ. ನಾನು ತರಬೇತಿಯಲ್ಲಿದ್ದಾಗ ಅವರು ನನ್ನ ಹಿರಿಯರು. ಅದಕ್ಕೂ ಮುಂಚೆ ವರ್ಷಗಟ್ಟಲೆ ನೌಕಾಪಡೆಯ ಡಾಕ್ಟರಾಗಿ ಬಿಸಿಲು ದೇಶದ ದ್ವೀಪಗಳಲ್ಲಿ ಕೆಲಸ ಮಾಡಿದ್ದವರು. ತಣ್ಣೀರು ಸುಡುತ್ತದೆ ಎಂದ ತಕ್ಷಣ ನನ್ನ ಮಾತನ್ನು ಅಲ್ಲೇ ತಡೆದರು.

"ಯಾವ ಮೀನು ತಿಂದರು?"

ಮೀನು ತಿನ್ನುವವರಲ್ಲ, ಹುಟ್ಟಾ ಸಸ್ಯಾಹಾರಿಗಳು ಎಂದೆ. ಅವರು ವಿವರಿಸಿದರು. ಹವಳದ ದಿಬ್ಬಗಳ ಮೇಲೆ ಒಂದು ಬಗೆಯ ಸೂಕ್ಷ್ಮ ಪಾಚಿ ಬೆಳೆಯುತ್ತದೆ, ಅದರಲ್ಲಿ ವಿಷವಿದೆ. ಪಾಚಿಯನ್ನು ಸಣ್ಣ ಮೀನು ತಿನ್ನುತ್ತದೆ, ಸಣ್ಣದನ್ನು ದೊಡ್ಡದು. ದೊಡ್ಡ ಮೀನಿನ ಮೈಯಲ್ಲಿ ವಿಷ ಶೇಖರವಾಗುತ್ತದೆ. ಬೇಯಿಸಿದರೂ ಹೋಗುವುದಿಲ್ಲ, ರುಚಿ ವಾಸನೆಯಲ್ಲೂ ತಿಳಿಯುವುದಿಲ್ಲ. ಕಾಯಿಲೆಯ ಹೆಸರು ಸಿಗ್ವಾಟೆರಾ. ಬಿಸಿ ತಂಪು ಅದಲು ಬದಲಾಗುವುದು, ಹಲ್ಲು ಸಡಿಲವೆನಿಸುವುದು ಅದರ ಗುರುತು. ಇಂಥವರನ್ನು ಬಹಳ ನೋಡಿದ್ದೇನೆ, ಆದರೆ ಸಸ್ಯಾಹಾರಿಯನ್ನು ಮಾತ್ರ ನೋಡಿಲ್ಲ ಎಂದರು.

ಮತ್ತೆ ಇಬ್ಬರನ್ನೂ ಕೂರಿಸಿಕೊಂಡು ಕೇಳಿದೆ. ಸೂಪಿನಲ್ಲಿ, ಸಾಸಿನಲ್ಲಿ ಗೊತ್ತಿಲ್ಲದೆ ಮೀನಿನ ನೀರು ಸೇರಿತ್ತೇನೋ ಎಂದು, ಒಪ್ಪಿಕೊಳ್ಳಲು ಸುಲಭದ ದಾರಿಯನ್ನೂ ತೋರಿಸಿದೆ. ಶ್ರೀಧರನ ಮುಖ ಬಿಗಿಯಿತು.

"ನಾವು ಅಂಥಾದ್ದೇನೂ ಮುಟ್ಟಿಲ್ಲರಿ ಆಂಟಿ. ನಮ್ಮ ಮನಿ ನಿಮಗ ಗೊತ್ತದ ಅಲ್ಲ."

ಆ ಎರಡನೆಯ ಮಾತನ್ನು ನಾನು ಮನೆಗೆ ಹೋಗಿ ಬಹಳ ಹೊತ್ತು ಯೋಚಿಸಿದೆ. ಹೌದು, ಅವರ ಮನೆ ನನಗೆ ಗೊತ್ತಿತ್ತು. ಆಗಸ್ಟಿನಲ್ಲಿ ಅವನ ತಾಯಿ ಕುಳಿತುಕೊಳ್ಳುವುದು ನನ್ನ ಕಾರಿನಲ್ಲೇ. ನ್ಯೂರಾಲಜಿಸ್ಟ್ ಊಟದ ವಿಷಯ ಕೇಳಿರಲಿಲ್ಲ, ನನ್ನ ಬರಹವನ್ನೇ ನೆಚ್ಚಿಕೊಂಡಿದ್ದರು. ಕೇಳಿದವಳು ನಾನೊಬ್ಬಳೇ, ನನಗೇ ಅವರು ಹೇಳಲಾರರು. ಹಾಗಿದ್ದೂ ನನಗೆ ಖಾತ್ರಿಯಿರಲಿಲ್ಲ. ಅವನು ನಿಜವನ್ನೇ ಹೇಳುತ್ತಿದ್ದರೆ? ಇಲ್ಲದ ಆಪಾದನೆ ಹೊರಿಸಿ, ನಿಜವಾದ ಬೇರೊಂದು ಕಾಯಿಲೆಯನ್ನು ಕೈಬಿಟ್ಟಂತಾದರೆ?

ಶನಿವಾರ ಇಬ್ಬರನ್ನೂ ನನ್ನ ಕಾರಿನಲ್ಲಿ ಸ್ಯಾನ್ ಡಿಯಾಗೋಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಪಕ್ಕದಲ್ಲಿ ಸಮುದ್ರ. ಗಾಳಿ ತಾಗಿದರೆ ಚುಚ್ಚುತ್ತದೆಂದು ಸುಮಿತ್ರಾ ಕಿಟಕಿ ಮುಚ್ಚಿಕೊಂಡಿದ್ದಳು. ವಾಲ್ಟರ್ ಅವರ ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತು ಹೇಳಿದೆ.

"ನಾನು ಒಳಗೆ ಬರೋದಿಲ್ಲ. ನೀವು ಏನು ಹೇಳಿದ್ರಿ ಅಂತ ಅವರು ನನಗೆ ಹೇಳೋದಿಲ್ಲ, ನಾನೂ ಕೇಳೋದಿಲ್ಲ. ಕಾಯಿಲೆ ಹೆಸರು ಗೊತ್ತಾದ್ರೆ ಸಾಕು ನನಗೆ."

ವಾಲ್ಟರ್ ಬಾಗಿಲು ಹಾಕಿಕೊಂಡರು. ನಾನು ಹೊರಗಿನ ಬೆಂಚಿನ ಮೇಲೆ ಕುಳಿತೆ. ಇದು ಸರಿಯೋ ತಪ್ಪೋ ಎಂದು ಗೊತ್ತಾಗದೆ ಎದುರಿಗಿನ ಪಾರ್ಕಿಂಗ್ ಜಾಗವನ್ನು ನೋಡುತ್ತಿದ್ದೆ. ಬಹಳ ಹೊತ್ತಿನ ಮೇಲೆ ಸುಮಿತ್ರಾ ಒಬ್ಬಳೇ ಬಂದು ಪಕ್ಕದಲ್ಲಿ ಕುಳಿತಳು. ಕಣ್ಣು ಅತ್ತು ಕೆಂಪಾಗಿದ್ದವು, ಆದರೆ ಮುಖ ಹಗುರಾಗಿತ್ತು. ನಾನು ಕೇಳಲಿಲ್ಲ. ಅವಳೇ ಹೇಳಿದಳು.

"ಆಂಟಿ, ಮೀನು ಭಾಳ ರುಚಿ ಇತ್ರಿ. ಅದನ್ನ ಹ್ಯಾಂಗ ಹೇಳಬೇಕಿತ್ತು ನಿಮ್ಮ ಮುಂದ?"

ಮೊದಲ ದಿನಗಳಲ್ಲಿ ಅವರು ಬ್ರೆಡ್ಡು, ಹಣ್ಣು, ಸೊಪ್ಪುಗಳಲ್ಲೇ ಇದ್ದರು. ಸುತ್ತ ಮೇಜುಗಳಲ್ಲಿ ಎಲ್ಲರೂ ನಗುತ್ತ ಊಟ ಮಾಡುತ್ತಿದ್ದರು. ಗುರುತಿನವರು ಒಬ್ಬರೂ ಇರಲಿಲ್ಲ. ಅಲ್ಲಿ ತಾನು ಯಾರ ಸೊಸೆಯೂ ಆಗಿರಲಿಲ್ಲ, ಹಗಲೆಲ್ಲ ಜೋಲಿಯಲ್ಲಿ ಮಲಗಿದರೂ ಯಾರೂ ಎಬ್ಬಿಸಲಿಲ್ಲ ಎಂದಳು. ಒಂದು ಸಂಜೆ ಬಾಣಸಿಗನೇ ಕೆಂಡದ ಮೇಲೆ ಸುಟ್ಟು ನಿಂಬೆಹಣ್ಣು ಹಿಂಡಿದ ದೊಡ್ಡ ಮೀನನ್ನು ತಂದು ತೋರಿಸಿದ. ಒಂದು ತುತ್ತು ನೋಡೋಣವೇ ಎಂದು ಕೇಳಿದವಳು ಅವಳೇ. ಶ್ರೀಧರ ಎರಡು ತುತ್ತಿಗೆ ನಿಲ್ಲಿಸಿದ, ಇವಳು ಉಳಿದದ್ದನ್ನು ಮುಗಿಸಿದಳು. ಇಬ್ಬರೂ ಮಕ್ಕಳ ಹಾಗೆ ನಕ್ಕರಂತೆ. ಮೈಯಲ್ಲಿ ತಣ್ಣಗಿನದು ಸುಡಲು ಶುರುವಾದಾಗ ಅವಳಿಗೆ ಒಂದೇ ಅರ್ಥ ಹೊಳೆಯಿತು: ಇದು ತಿಂದದ್ದಕ್ಕೆ ಶಿಕ್ಷೆ. ಶಿಕ್ಷೆಗೆ ಡಾಕ್ಟರನ್ನು ಏನು ಕೇಳುವುದು? ಎಂಜಿನಿಯರ್ ಗಂಡ ಇಂಥದ್ದನ್ನು ನಂಬುವವನಲ್ಲ ಎಂದುಕೊಂಡು ಅವನಿಗೂ ಹೇಳಿರಲಿಲ್ಲ. ಅವನೂ ಕರ್ಚೀಫಿನಲ್ಲಿ ಡಬ್ಬಿ ಹಿಡಿಯುತ್ತ ಅದನ್ನೇ ನಂಬಿದ್ದನಂತೆ.

"ಹಂಗಾದ್ರ ಇದು ಶಾಪ ಅಲ್ಲ, ಹೌದಲ್ರಿ?"

"ಅಲ್ಲಮ್ಮ," ಎಂದೆ. "ಪಾಚಿ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. ಇದಕ್ಕೆ ಆಗ ಔಷಧವಿರಲಿಲ್ಲ, ಕಾಲವೇ ವಾಸಿ ಮಾಡಬೇಕು. ಮೀನು, ಮದ್ಯ ಕೂಡದು. ಬಾದಾಮಿ, ಶೇಂಗಾದಂಥ ಬೀಜಗಳೂ ಕೆಲವರಲ್ಲಿ ಕಾಯಿಲೆಯನ್ನು ಮತ್ತೆ ಕೆರಳಿಸುತ್ತವೆ ಎಂದು ವಾಲ್ಟರ್ ಹೇಳಿದ್ದರು. ಸುಮಿತ್ರಾ ಎಲ್ಲಕ್ಕೂ ತಲೆಯಾಡಿಸಿದವಳು ಶೇಂಗಾ ಚಟ್ನಿ ಬಿಡಬೇಕು ಎಂದಾಗ ಮಾತ್ರ ಬೇಜಾರು ಮಾಡಿಕೊಂಡಳು. ನ್ಯೂರಾಲಜಿಸ್ಟ್ ಪರೀಕ್ಷೆಯನ್ನು ರದ್ದು ಮಾಡಿದರು. ಶ್ರೀಧರನಿಗೆ ಬೇಗ ಗುಣವಾಯಿತು. ಅವಳಿಗೆ ತಿಂಗಳುಗಳೇ ಹಿಡಿದವು.

ಆಗಸ್ಟಿನಲ್ಲಿ ತಾಯಿ ಬಂದಾಗ ಸುಮಿತ್ರಾ ಇನ್ನೂ ಫ್ರಿಜ್ಜಿನಿಂದ ಹಾಲು ತೆಗೆಯಲು ಕೈಗವಸು ಹಾಕಿಕೊಳ್ಳುತ್ತಿದ್ದಳು. ಆರ್ಟೀಸಿಯಾಕ್ಕೆ ಹೋಗುವ ದಾರಿಯಲ್ಲಿ ಆಕೆ, ಸೊಸೆಗೆ ಏನಾಗಿತ್ತು ಎಂದು ನನ್ನನ್ನು ಕೇಳಿದರು. ನರದ ತೊಂದರೆ, ವಾಸಿಯಾಗುತ್ತಿದೆ ಎಂದೆ. ಆಕೆ ನನ್ನ ಮುಖವನ್ನೊಮ್ಮೆ ನೋಡಿ, ಸರಿ ಎಂದು ಕಿಟಕಿಯ ಕಡೆ ತಿರುಗಿದರು. ಎಷ್ಟು ಗೊತ್ತಾಯಿತೋ ನನಗೆ ಇಂದಿಗೂ ತಿಳಿಯದು. ಆಕೆ ಈಗಿಲ್ಲ. ದಂಪತಿಗಳು ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ಅಂದಿನಿಂದ ನನ್ನ ಕೆಲಸದ ರೀತಿಯಲ್ಲಿ ಒಂದು ಬದಲಾವಣೆ ಮಾಡಿಕೊಂಡೆ. ನಮ್ಮ ಕಡೆಯವರು ಬಂದರೆ ನೋವು, ಜ್ವರ, ನಿದ್ದೆಯ ವಿಷಯವೆಲ್ಲ ಕನ್ನಡದಲ್ಲೇ ಕೇಳುತ್ತಿದ್ದೆ. ಊಟ, ಕುಡಿತ, ಸಂಸಾರದ ಪ್ರಶ್ನೆಗಳಿಗೆ ಬಂದಾಗ, ಇದನ್ನು ನಮ್ಮ ಇನ್ನೊಬ್ಬ ಡಾಕ್ಟರ್ ಕೇಳುತ್ತಾರೆ ಎಂದು ಅಮೆರಿಕನ್ ಸಹೋದ್ಯೋಗಿಯನ್ನು ಒಳಗೆ ಬಿಟ್ಟು ಬಾಗಿಲು ಹಾಕಿಕೊಂಡು ಹೊರಗೆ ಬರುತ್ತಿದ್ದೆ. ಕೆಲವರಿಗೆ ಅದು ಅವಮಾನವೆನಿಸಿತು, ಆಂಟಿಗೆ ಈಗ ಜಂಬ ಬಂದಿದೆ ಎಂದವರೂ ಇದ್ದರು. ನಾನು ಕಾರಿಡಾರಿನಲ್ಲಿ ನಿಂತಿರುತ್ತಿದ್ದೆ. ಒಳಗೆ ಮೊದಲು ಮೌನ, ಆಮೇಲೆ ತಡವರಿಸುವ ಇಂಗ್ಲಿಷು, ಆಮೇಲೆ ನಿಲ್ಲದ ಮಾತು. ಒಂದು ಪದವೂ ಸ್ಪಷ್ಟವಾಗಿ ಕೇಳಿಸುತ್ತಿರಲಿಲ್ಲ. ಕೇಳಿಸಬೇಕಾಗಿಯೂ ಇರಲಿಲ್ಲ.